ಬೀಗದ ಕೈಯ ನೆನಪು: ಮುಳುಗಡೆ ಊರಿನ ಬಳಗದಲ್ಲಿ ಎದ್ದ ಒಂದು ನೋವು

ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ.

ಎಪ್ಪತ್ತು ದಾಟಿದ ಆ ತಾಯಿಯನ್ನು ಆಪ್ತಸಮಾಲೋಚನೆಗೆಂದು ನನ್ನ ಬಳಿ ಕರೆತಂದವರು ಅವರ ಸೊಸೆ. ಅತ್ತೆ ನಡುರಾತ್ರಿಯವರೆಗೂ ಮೊಬೈಲ್ ಹಿಡಿದು ಕೂರುತ್ತಾರೆ, ಓದುತ್ತಾ ಅಳುತ್ತಾರೆ, ಊಟವನ್ನು ಅರ್ಧಕ್ಕೇ ಬಿಡುತ್ತಾರೆ, ಆದ್ದರಿಂದ ಆ ಗ್ರೂಪಿನಿಂದ ಹೊರಗೆ ಬರುವಂತೆ ನಾನೇ ಹೇಳಬೇಕು ಎಂಬುದು ಅವರ ಕೋರಿಕೆಯಾಗಿತ್ತು. ಗ್ರೂಪ್ ಎಂದರೆ ಶರಾವತಿ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಯೊಂದರವರ ವಾಟ್ಸ್‌ಆ್ಯಪ್ ಬಳಗ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಳ್ಳುವ ಹೊತ್ತಿಗೆ ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಊರುಗಳ ಜನ ಗದ್ದೆ, ತೋಟ ಬಿಟ್ಟು ದಿಕ್ಕಿಗೊಬ್ಬರಾಗಿ ಹೋಗಿದ್ದರು. ಈಗ ಅವರಲ್ಲಿ ಉಳಿದವರೂ ಅವರ ಮಕ್ಕಳೂ ದಿನವೂ ಅಲ್ಲಿ ಮಾತಿಗೆ ಸೇರುತ್ತಾರೆ. ಯಾರ ಮನೆಯ ಬಾವಿಯ ನೀರು ಸಿಹಿಯಾಗಿತ್ತು, ದೀಪಾವಳಿಯಲ್ಲಿ ಹಾಡುತ್ತಾ ಮನೆಮನೆಗೆ ದೀಪ ಒಯ್ಯುವ ಅಂಟಿಗೆ ಪಂಟಿಗೆಯವರು ಮೊದಲು ಯಾರ ಅಂಗಳಕ್ಕೆ ಬರುತ್ತಿದ್ದರು, ಭೂಮಿ ಹುಣ್ಣಿಮೆಯಂದು ಭೂತಾಯಿಗೆ ಎಡೆಯಾದ ಚರಗವನ್ನು ಯಾವ ಗದ್ದೆಯಿಂದ ಬೀರಲು ಆರಂಭಿಸುತ್ತಿದ್ದರು ಎಂಬಂಥ ಮಾತುಗಳೇ ಅಲ್ಲಿ ಹೆಚ್ಚು.

ಮೊದಲ ಭೇಟಿಯಲ್ಲಿ ಖಿನ್ನತೆಯ ಲಕ್ಷಣಗಳನ್ನು ವಿಚಾರಿಸಿದೆ. ಥೈರಾಯ್ಡ್ ಮತ್ತು ವಿಟಮಿನ್ ಬಿ12 ಪರೀಕ್ಷೆಗೆ ವೈದ್ಯರ ಬಳಿ ಕಳುಹಿಸಿದೆ. ಅಲ್ಲಿ ಹೇಳಿಕೊಳ್ಳುವಂಥದ್ದು ಏನೂ ಸಿಗಲಿಲ್ಲ. ಎರಡನೆಯ ಭೇಟಿಯಲ್ಲಿ, ಸೊಸೆಯನ್ನು ಹೊರಗೆ ಕೂರಿಸಿ ಮಾತಾಡಿದಾಗ, ನೋವಿನ ಮೂಲ ತಿಳಿಯಿತು.

ಊರು ಬಿಟ್ಟ ದಿನದ ಬಗ್ಗೆ ಅವರು ಬಳಗದಲ್ಲಿ ಬರೆದಿದ್ದರು. ಆಗ ಅವರು ಒಂಬತ್ತು ವರ್ಷದ ಹುಡುಗಿ. ಅಪ್ಪಯ್ಯ ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಪಂಚೆಯ ತುದಿಗೆ ಗಂಟು ಹಾಕಿಕೊಂಡು ಲಾರಿ ಹತ್ತಿದರು ಎಂಬುದು ಅವರ ನೆನಪು. ಅದಕ್ಕೆ ದೊಡ್ಡಪ್ಪನ ಮಗನಾದ ಅಣ್ಣ, ಕದ, ತೊಲೆ, ಹೆಂಚುಗಳನ್ನೆಲ್ಲ ಹಿಂದಿನ ದಿನವೇ ಬಿಚ್ಚಿ ಲಾರಿಗೆ ಹೇರಿದ್ದಾಗಿತ್ತು, ಬೀಗ ಹಾಕಿದ್ದು ಯಾವುದಕ್ಕೆ ಎಂದು ಕೇಳಿದರು. ಕೆಳಗೆ ನಗುವ ಚಿಹ್ನೆಗಳು ಸಾಲುಗಟ್ಟಿದವು. ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ. ಆದರೆ ತೀರಿಹೋದ ತಂದೆಯ ಬಗ್ಗೆ ತಮ್ಮ ಬಳಿ ಉಳಿದಿದ್ದ ಅತ್ಯಂತ ಸ್ಪಷ್ಟವಾದ ಚಿತ್ರವನ್ನೇ ಸುಳ್ಳೆಂದು ತೀರ್ಮಾನಿಸಿದಂತೆ ಅವರಿಗೆ ಅನ್ನಿಸಿತು. ಅಂದಿನಿಂದ ಅವರು ಒಂದಕ್ಷರವನ್ನೂ ಬರೆದಿಲ್ಲ, ಹಳೆಯ ಸಂದೇಶಗಳನ್ನು ಮಾತ್ರ ತಿರುತಿರುಗಿ ಓದುತ್ತಿದ್ದರು.

ಇಳಿವಯಸ್ಸಿನಲ್ಲಿ ಬದುಕನ್ನು ಹಿಂದಿರುಗಿ ನೋಡುವುದು ಸಹಜವಾದ, ಅಗತ್ಯವಾದ ಕೆಲಸ ಎಂದು ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲೇ ವಾದಿಸಿದ್ದರು. ಅದಕ್ಕೂ ಮೊದಲು ಹಿರಿಯರ ಇಂಥ ಮಾತನ್ನು ಅರಳುಮರಳಿನ ಲಕ್ಷಣವೆಂದು ಕಡೆಗಣಿಸುವುದೇ ರೂಢಿಯಾಗಿತ್ತು. ಹೀಗಾಗಿ ಬಳಗವನ್ನು ಬಿಡಿಸುವ ಸಲಹೆಯನ್ನು ನಾನು ಒಪ್ಪಲಿಲ್ಲ. ತಮ್ಮ ಬಾಲ್ಯದ ಊರನ್ನು ಕಂಡವರು ಅವರಿಗೆ ಬೇರೆಲ್ಲೂ ಸಿಗುವುದಿಲ್ಲ. ಅವರ ಮನೆಯಲ್ಲೇ ಆ ಊರಿನ ಹೆಸರನ್ನು ಯಾರೂ ಕೇಳಿರಲಿಲ್ಲ ಎಂಬುದು ನನಗೆ ಮೊಬೈಲಿಗಿಂತ ಹೆಚ್ಚು ಚಿಂತೆಗೆ ಕಾರಣವಾಯಿತು.

ಯಾರ ನೆನಪು ಸರಿ ಎಂಬ ಪ್ರಶ್ನೆಯನ್ನು ಅವರು ನನ್ನ ಮುಂದೆಯೂ ಇಟ್ಟರು. ನಾನು ತೀರ್ಪು ಕೊಡಲಿಲ್ಲ. ನೆನಪು ಎಂಬುದು ಪ್ರತಿ ಸಲವೂ ಹೊಸದಾಗಿ ಕಟ್ಟಿಕೊಳ್ಳುವಂಥದ್ದು ಎಂಬುದನ್ನು ಮನಶ್ಶಾಸ್ತ್ರಜ್ಞ ಫ್ರೆಡ್ರಿಕ್ ಬಾರ್ಟ್ಲೆಟ್ 1932ರಷ್ಟು ಹಿಂದೆಯೇ ತೋರಿಸಿಕೊಟ್ಟಿದ್ದಾರೆ, ಆದ್ದರಿಂದ ಬೇರೊಂದು ದಿನದ ಬೀಗ ಈ ದಿನಕ್ಕೆ ಬಂದು ಸೇರಿರಬಹುದು, ಅಣ್ಣನ ನೆನಪೂ ಅಷ್ಟೇ ಕಲಸಿಹೋಗಿರಬಹುದು ಎಂದು ವಿವರಿಸಿದೆ. ಬೀಗದ ಕೈ ಅವರಿಗೆ ಏನನ್ನು ಹೇಳುತ್ತದೆ ಎಂದು ಕೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, ಅಪ್ಪಯ್ಯ ಮರಳಿ ಬರುತ್ತೇವೆಂದು ನಂಬಿದ್ದರು ಎಂದರು. ಹೊಸ ಜಾಗದಲ್ಲಿ ತಂದೆ ಕೊನೆಯವರೆಗೂ ಒಗ್ಗಿಕೊಳ್ಳದೆ ಇದ್ದುದನ್ನು ಅವರು ಯಾರೊಂದಿಗೂ ಹಂಚಿಕೊಂಡಿರಲಿಲ್ಲ. ನಮ್ಮ ಮುಂದಿನ ಮಾತುಕತೆಗಳೆಲ್ಲ ಆ ದುಃಖದ ಸುತ್ತಲೇ ನಡೆದವು.

ಕೊಟ್ಟ ಸಲಹೆಗಳು ಸರಳವಾಗಿದ್ದವು. ಅಣ್ಣನೊಂದಿಗಿನ ಮಾತನ್ನು ಎಲ್ಲರ ಮುಂದೆ ಬಳಗದಲ್ಲಿ ಬರೆದು ಮುಂದುವರಿಸದೆ ನೇರವಾಗಿ ಫೋನ್ ಮಾಡಬೇಕು. ಅವರನ್ನು ಒಪ್ಪಿಸಲು ಹೋಗದೆ, ಆ ದಿನ ದೊಡ್ಡಪ್ಪ ಹೇಗಿದ್ದರು ಎಂದು ಕೇಳಬೇಕು. ರಾತ್ರಿ ಒಂಬತ್ತರ ನಂತರ ಮೊಬೈಲ್ ಮಲಗುವ ಕೋಣೆಯ ಹೊರಗಿರಬೇಕು, ಏಕೆಂದರೆ ನಿದ್ದೆಗೆಟ್ಟ ಮನಸ್ಸಿಗೆ ಸಣ್ಣ ಮಾತೂ ದೊಡ್ಡ ಗಾಯವಾಗುತ್ತದೆ. ಸೊಸೆಗೆ, ವಾರಕ್ಕೊಮ್ಮೆ ಮೊಮ್ಮಗಳೊಂದಿಗೆ ಕೂತು ಅತ್ತೆಯ ಮಾತುಗಳನ್ನು ಧ್ವನಿಮುದ್ರಿಸಿಕೊಳ್ಳಲು ಹೇಳಿದೆ. ದುಃಖ, ನಿರಾಸಕ್ತಿ ಎರಡು ವಾರ ಬಿಡದೆ ಕಾಡಿದರೆ ಮನೋವೈದ್ಯರನ್ನು ಕಾಣಬೇಕೆಂದೂ, ತುರ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದೆಂದೂ ಬರೆದುಕೊಟ್ಟೆ.

ಅಣ್ಣ ಫೋನಿನಲ್ಲೂ ಕದ ಇರಲಿಲ್ಲವೆಂದೇ ಹೇಳಿದರಂತೆ. ಆದರೆ ಚಿಕ್ಕಪ್ಪ, ಅಂದರೆ ಈ ತಾಯಿಯ ಅಪ್ಪಯ್ಯ, ಲಾರಿ ಹೊರಟ ಮೇಲೆ ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ ಎಂಬುದನ್ನು ಅವರೇ ನೆನಪಿಸಿಕೊಂಡು ಅತ್ತರಂತೆ. ಆ ತಾಯಿ ಈಗ ಮತ್ತೆ ಬಳಗದಲ್ಲಿ ಬರೆಯುತ್ತಿದ್ದಾರೆ. ನಿದ್ದೆ ಸುಧಾರಿಸಿದೆ, ಊಟ ಇನ್ನೂ ಪೂರ್ತಿ ಸರಿಹೋಗಿಲ್ಲ.

ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ, ಅದರಲ್ಲೇ ಮುಳುಗಿರುವ ಹಿರೇಭಾಸ್ಕರದ ಹಳೆಯ ಅಣೆಕಟ್ಟೆ ಕಾಣುವ ಹೊತ್ತಿಗೆ, ಎಲ್ಲರೂ ಅಲ್ಲಿ ಸೇರೋಣವೆಂದು ಬಳಗ ಯೋಚಿಸಿದೆ. ಅತ್ತೆಯನ್ನು ಕಳುಹಿಸಬಹುದೇ ಎಂಬುದು ಸೊಸೆಯ ಈಚಿನ ಪ್ರಶ್ನೆ. ಒಬ್ಬರನ್ನೇ ಕಳುಹಿಸಬೇಡಿ, ಮನೆಯವರೆಲ್ಲ ಜೊತೆಗೆ ಹೋಗಿ, ಅಲ್ಲಿ ಅವರು ಅತ್ತರೆ ತಡೆಯಬೇಡಿ ಎಂದಿದ್ದೇನೆ; ಮರಳಿದ ವಾರದೊಳಗೆ ಒಮ್ಮೆ ಬಂದು ಕಾಣಲು ದಿನ ಗೊತ್ತು ಮಾಡಿಕೊಂಡಿದ್ದೇವೆ.