ಬೆಕ್ಕಿನ ರಕ್ತ ಪರೀಕ್ಷೆ, ಗಂಡ ಹೆಂಡತಿಯ ಜಗಳ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಗಂಡ ಹೆಂಡತಿ ಇಬ್ಬರೂ ಆಪ್ತ ಸಮಾಲೋಚನೆಗೆಂದು ನನ್ನ ಬಳಿ ಜೊತೆಯಲ್ಲೇ ಬಂದರು, ಆದರೆ ಮಾತು ಬಿಟ್ಟಿದ್ದರು. ಮನೆಯಲ್ಲಿ ಎರಡು ಬೆಕ್ಕು. ಗಂಡು ಬೆಕ್ಕಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿರಲಿಲ್ಲ, ರಾತ್ರಿಯೆಲ್ಲ ಹೊರಗೇ ಸುತ್ತುತ್ತಿತ್ತು. ಕಚ್ಚಾಟದ ಗಾಯ ಕೀವಾಯಿತೆಂದು ತೋರಿಸಲು ಹೋದಾಗ ಎಫ್‌ಐವಿ (ಬೆಕ್ಕುಗಳ ರೋಗನಿರೋಧಕ ಶಕ್ತಿ ಕುಗ್ಗಿಸುವ ವೈರಸ್) ಪಾಸಿಟಿವ್ ಎಂದು ಗೊತ್ತಾಯಿತು. ಹೆಂಡತಿ ಗರ್ಭಿಣಿ. ಗಂಡ "ಎಲ್ಲಾದ್ರೂ ದೂರ ಬಿಟ್ಟು ಬರೋಣ" ಎನ್ನುತ್ತಿದ್ದರು. ಆಕೆ ಬೆಕ್ಕನ್ನು ಕೋಣೆಯಲ್ಲಿ ಕೂಡಿಹಾಕಿ ಬೀಗ ಹಾಕಿಕೊಂಡಿದ್ದರು.

ಗಂಡನನ್ನು ಒಬ್ಬರೇ ಕೂರಿಸಿ ಕೇಳಿದಾಗ ನಿಜವಾದ ಭಯ ಹೊರಬಂತು. "ಇದು ಎಚ್‌ಐವಿ ಥರದ್ದೇ ಅಲ್ವಾ? ಮಗುವಿಗೆ ಬಂದ್ರೆ?"

ನಾನು ಪಶುವೈದ್ಯೆಯಲ್ಲ. ಆದರೆ ಭಯದ ಬುಡದಲ್ಲೇ ತಪ್ಪು ಮಾಹಿತಿ ಇದ್ದಾಗ ಸುಮ್ನೆ ಸಮಾಧಾನ ಹೇಳಿ ಪ್ರಯೋಜನವಿಲ್ಲ. ಎರಡೂ ವೈರಸ್‌ಗಳು ಒಂದೇ ಬಳಗದವು, ಅಷ್ಟು ನಿಜ. ಎಫ್‌ಐವಿ ಪತ್ತೆಯಾಗಿದ್ದು 1986ರಲ್ಲಿ. ಅಲ್ಲಿಂದ ಈವರೆಗೆ ಅದು ಮನುಷ್ಯರಿಗೆ ಕಾಯಿಲೆ ತಂದ ಉದಾಹರಣೆ ಇಲ್ಲ. ಗರ್ಭಿಣಿಯರು ಎಚ್ಚರ ವಹಿಸಬೇಕಾದ್ದು ಬೇರೆಯದಕ್ಕೆ, ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿಗೆ. ಅದು ಯಾವ ಬೆಕ್ಕಿನ ಮಲದಲ್ಲೂ ಇರಬಹುದು. ಮಲದಲ್ಲಿ ಹೊರಬಿದ್ದ ಮೇಲೆ ಸೋಂಕು ಹರಡುವ ಹಂತಕ್ಕೆ ಬರಲು ಅದಕ್ಕೆ ಒಂದು ದಿನವಾದರೂ ಬೇಕು. ಹಾಗಾಗಿ ಲಿಟರ್ ಬಾಕ್ಸನ್ನು (ಬೆಕ್ಕು ಮಲಮೂತ್ರ ಮಾಡುವ ತಟ್ಟೆ) ದಿನಾ ತೊಳೆಯಬೇಕು, ಆ ಕೆಲಸ ನಿಮ್ಮದು ಎಂದೆ. ಕೈಗೊಂದು ಕೆಲಸ ಸಿಕ್ಕ ಮೇಲೆ ಅವರ ದನಿಯೇ ಇಳಿಯಿತು.

ಆಕೆಯದು ಬೇರೆ ನೋವು. "ನಾನೇ ಹೊರಗೆ ಬಿಟ್ಟೆ." ಇಲ್ಲಮ್ಮ, ನಿಮ್ಮ ತಪ್ಪಿಲ್ಲ ಎಂದು ಹೇಳಿಸಿಕೊಳ್ಳಲೆಂದೇ ಬಂದಿದ್ದರೇನೋ. ನಾನು ಹಾಗೆ ಹೇಳಲಿಲ್ಲ. ಈ ಸೋಂಕು ಹೆಚ್ಚಾಗಿ ಹರಡುವುದು ಆಳವಾದ ಕಡಿತದಿಂದ, ಸುತ್ತಾಡಿ ಜಗಳವಾಡುವ ಗಂಡು ಬೆಕ್ಕುಗಳಿಗೇ ಜಾಸ್ತಿ. ಆದರೆ ಅದು ಆಗ ನಿಮಗೆ ಗೊತ್ತಿರಲಿಲ್ಲ, ಈಗ ಗೊತ್ತಾಗಿದೆ ಎಂದೆ. ದೂರ ಬಿಟ್ಟು ಬಂದರೆ ಬೆಕ್ಕಿಗೂ ಗತಿಯಿಲ್ಲ, ಅದು ಕಚ್ಚುವ ಬೇರೆ ಬೆಕ್ಕುಗಳಿಗೂ ಕೇಡು. ಇದನ್ನು ಇಬ್ಬರ ಮುಂದೆಯೂ ಹೇಳಿದೆ.

ಪಶುವೈದ್ಯರ ಬಳಿ ಕೇಳಬೇಕಾದ್ದನ್ನು ಜೊತೆಗೇ ಕೂತು ಬರೆದೆವು. ಫಲಿತಾಂಶವನ್ನು ಇನ್ನೊಂದು ವಿಧಾನದಲ್ಲಿ ಖಚಿತ ಮಾಡಬೇಕಾ? ಹೆಣ್ಣು ಬೆಕ್ಕಿಗೂ ಪರೀಕ್ಷೆ ಯಾವಾಗ? (ಪರೀಕ್ಷೆ ಮಾಡಿಸುವುದು ಚಿಕ್ಕ ಮರಿಗಾದರೆ, ತಾಯಿಯಿಂದ ಬಂದ, ಸೋಂಕಿನ ವಿರುದ್ಧ ಹೋರಾಡುವ ಪ್ರತಿಕಾಯಗಳಿಂದಲೂ ಪಾಸಿಟಿವ್ ಬರಬಹುದು. 6 ತಿಂಗಳಾದ ಮೇಲೆ ಮತ್ತೆ ನೋಡಿಸಬೇಕು. ಒಂದೇ ಪರೀಕ್ಷೆ ನಂಬಿ ಮರಿಯನ್ನು ಕೊಲ್ಲಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.) ಎರಡೂ ಜಗಳವಿಲ್ಲದೆ ಇದ್ದರೆ ಒಂದೇ ಬಟ್ಟಲು, ಒಂದನ್ನೊಂದು ನೆಕ್ಕುವುದು ಇವುಗಳಿಂದ ಹರಡುವ ಅಪಾಯ ತುಂಬ ಕಡಿಮೆ. ಕೋಣೆಯ ಬೀಗ ಬೇಕಾಗಿರಲಿಲ್ಲ. ಬೇಕಾದ್ದು ಸಂತಾನಹರಣ ಚಿಕಿತ್ಸೆ, ಹೊರಗೆ ಬಿಡದಿರುವುದು, ಹಸಿ ಮಾಂಸ ಕೊಡದಿರುವುದು, ವರ್ಷಕ್ಕೆ 2 ಸಲವಾದರೂ ತಪಾಸಣೆ. ಒಸಡು ಕೆಂಪಾದರೆ, ತೂಕ ಇಳಿದರೆ, ಜ್ವರ ಬಂದರೆ ಕಾಯುತ್ತ ಕೂರಬಾರದು. ವೈರಸ್ ದೇಹ ಬಿಟ್ಟು ಹೋಗುವುದಿಲ್ಲ, ಆದರೂ ಎಷ್ಟೋ ಬೆಕ್ಕುಗಳು ವರ್ಷಗಟ್ಟಲೆ ಚೆನ್ನಾಗಿಯೇ ಇರುತ್ತವೆ.

ಮತ್ತೆ ಬಂದಾಗ ಗಂಡು ಬೆಕ್ಕಿಗೆ ಸಂತಾನಹರಣ ಚಿಕಿತ್ಸೆ ಆಗಿತ್ತು. ರಾತ್ರಿ ಬಾಗಿಲ ಬಳಿ ಕೂತು ಕೂಗುತ್ತದಂತೆ, ಇಬ್ಬರಿಗೂ ನಿದ್ದೆಯಿಲ್ಲ. ಮಲಗುವ ಮುಂಚೆ ಸ್ವಲ್ಪ ಹೊತ್ತು ಆಟವಾಡಿಸಿ, ಆಮೇಲೆ ಊಟ ಹಾಕಿ ನೋಡಿ ಎಂದೆ. ಗಂಡನಿಗೆ ಮಗುವಿನ ಬಗ್ಗೆ ಇರುವ ಆತಂಕ ಬೆಕ್ಕಿನ ವಿಷಯ ಬರುವ ಮೊದಲೇ ಇದ್ದದ್ದು. ಮುಂದಿನ ಭೇಟಿಗೆ ಅವರೊಬ್ಬರನ್ನೇ ಬರಹೇಳಿದ್ದೇನೆ.