ಓದುಗರ ಪ್ರಶ್ನೆ: ಸರ್ಕಾರಿ ಯೂನಿವರ್ಸಿಟಿಗಳಿಗೆ ದುಡ್ಡು ಯಾಕಿಲ್ಲ?

ಪ್ರಶ್ನೆ: ನಮ್ಮ ಹಾವೇರಿ ಯೂನಿವರ್ಸಿಟಿ ಸೇರಿ ಒಂಬತ್ತು ಹೊಸ ವಿವಿ ಮುಚ್ಚೋ ಮಾತು 2025ರಲ್ಲಿ ಬಂತಲ್ಲ, ದುಡ್ಡಿಲ್ಲ ಅಂದ್ರೆ ಮತ್ಯಾಕೆ ಶುರು ಮಾಡಿದ್ರು? ನಾವೇನು ಮಾಡ್ಬಹುದು?
– ಓದುಗರು, ರಾಣೆಬೆನ್ನೂರು

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಬೋರ್ಡ್ ಹಾಕಿ ಕುಲಪತಿಗಳನ್ನ ನೇಮಿಸಿದ್ರು, ಆದ್ರೆ ಅದಕ್ಕೆ ತಕ್ಕಷ್ಟು ಕಾಯಂ ಹುದ್ದೆ, ಅನುದಾನ ಕೊಡ್ಲಿಲ್ಲ. ಇದರಿಂದ ಹಳೇ ವಿವಿಗಳಿಗೂ ಪೆಟ್ಟು ಬಿತ್ತು, ಯಾಕಂದ್ರೆ ಕಾಲೇಜುಗಳು ಹೊಸ ವಿವಿಗೆ ಹೋದ ಮೇಲೆ ಅವುಗಳ ಪರೀಕ್ಷಾ ಫೀಸು, ಸಂಯೋಜನಾ ಶುಲ್ಕನೂ (ವಿವಿಯ ಅಧೀನದಲ್ಲಿರೋಕೆ ಕಾಲೇಜು ಕಟ್ಟೋ ಫೀಸು) ಆ ಕಡೆ ಹೋಯ್ತು, ಆದ್ರೆ ರಿಟೈರ್ ಆದವರ ಪೆನ್ಷನ್ ಹೊರೆ ಮಾತ್ರ ಹಳೇ ವಿವಿ ತಲೆ ಮೇಲೇ ಉಳೀತು. ಕಾಯಂ ಮೇಷ್ಟ್ರು ಇಲ್ಲದ ಕಡೆ ಅತಿಥಿ ಉಪನ್ಯಾಸಕರೇ ಪಾಠ ಮಾಡ್ತಾರೆ, ಅವರಿಗೆ ಮುಂದಿನ ವರ್ಷದ ಗ್ಯಾರಂಟಿ ಇಲ್ಲ, ಇದು ದೊಡ್ಡ ಅನ್ಯಾಯ.

ಈ ತಪ್ಪಲ್ಲಿ ಕೇಂದ್ರ ಸರ್ಕಾರದ್ದೂ ಪಾಲಿದೆ. ಶಿಕ್ಷಣಕ್ಕೆ ರಾಷ್ಟ್ರೀಯ ಆದಾಯದ ಶೇ. 6 ಅಂತ ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು, 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದನ್ನೇ ಹೇಳ್ತು, ಇನ್ನೂ ಮುಟ್ಟಿಲ್ಲ.

ಏನ್ ಮಾಡ್ಬಹುದು ಅಂದ್ರೆ, ವಿಧಾನ ಪರಿಷತ್ತಲ್ಲಿ ಪದವೀಧರರಿಂದ 7, ಶಿಕ್ಷಕರಿಂದ 7 ಜನ ಇದಾರೆ, ನಿಮ್ಮ ಭಾಗದವರನ್ನ ಬಜೆಟ್‌ಗೆ ಮುಂಚೆ, ಡಿಸೆಂಬರ್-ಜನವರಿಲೇ ಹಿಡೀರಿ. ಬರೀ "ಮುಚ್ಬೇಡಿ" ಅನ್ನೋದು ಸಾಲಲ್ಲ. ಎಷ್ಟು ಹುದ್ದೆ ಮಂಜೂರಾಗಿದೆ, ಎಷ್ಟು ಖಾಲಿ, ಪೆನ್ಷನ್ ಯಾರು ಕೊಡ್ತಾರೆ, ಇಷ್ಟನ್ನ ಆರ್‌ಟಿಐ ಹಾಕಿ ತಗೊಂಡು, ಆ ಕಾಗದ ಕೈಯಲ್ಲಿಟ್ಕೊಂಡು ಸದನದಲ್ಲಿ ಪ್ರಶ್ನೆ ಕೇಳೋಕೆ ಹೇಳಿ.