ಹಾಲಿನ ಅಲರ್ಜಿ ಇರುವ ಮಗುವಿನ ಕೇಕಿಗೆ ಸೆಕೆಯಲ್ಲೂ ನಿಲ್ಲುವ ಫ್ರಾಸ್ಟಿಂಗ್ ಮಾಡುವುದು ಹೇಗೆ?

ಮಗಳಿಗೆ ಹಸುವಿನ ಹಾಲಿನ ಅಲರ್ಜಿ ಇದೆ, ಮೊಟ್ಟೆ ತಿನ್ನುತ್ತಾಳೆ, ಹುಟ್ಟುಹಬ್ಬ ಏಪ್ರಿಲ್‌ನಲ್ಲಿ ಮಂಗಳೂರಿನ ಮನೆಯಲ್ಲೇ ನಡೆಯಲಿದೆ, ಅಂಗಡಿಯಲ್ಲಿ ಸಿಗುವ ‘ನಾನ್-ಡೇರಿ’ ವಿಪ್ಪಿಂಗ್ ಕ್ರೀಮನ್ನು ನೆಚ್ಚಬಹುದೇ, ಇಲ್ಲವಾದರೆ ಬೆಣ್ಣೆಯಿಲ್ಲದ ಫ್ರಾಸ್ಟಿಂಗ್ ಆ ಸೆಕೆಯಲ್ಲಿ ನಿಂತೀತೇ ಎಂದು ಕೇಳಿದ್ದೀರಿ. ನಮ್ಮ ಮನೆಯಲ್ಲೂ ಹಾಲು ಮುಟ್ಟಬಾರದ ಮಗು ಇರುವುದರಿಂದ ಈ ವಿಷಯ ನನಗೆ ಬಹಳ ಹತ್ತಿರದ್ದು. ಕ್ರೀಮಿನ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅಪಾಯ ಇರುವುದು ಅಲ್ಲಿ.

ಪೊಟ್ಟಣದ ಮೇಲೆ ‘ನಾನ್-ಡೇರಿ’ ಎಂದು ಬರೆದಿದ್ದರೆ ಅದರಲ್ಲಿರುವ ಜಿಡ್ಡು ಹಾಲಿನದಲ್ಲ, ತಾಳೆಯಂಥ ಸಸ್ಯದ ಎಣ್ಣೆಯದು ಎಂದಷ್ಟೇ ತಿಳಿಯಬೇಕು. ಆದರೆ ಆ ಎಣ್ಣೆಯೂ ನೀರೂ ಬೇರೆಯಾಗದೆ ನೊರೆಯಾಗಿ ನಿಲ್ಲಲೆಂದು ಇಂಥ ಹಲವು ಕ್ರೀಮುಗಳಿಗೆ ಸೋಡಿಯಂ ಕೇಸಿನೇಟ್ ಸೇರಿಸಿರುತ್ತಾರೆ, ಮತ್ತು ಅದು ಹಾಲಿನಿಂದಲೇ ತೆಗೆದ ಪ್ರೋಟೀನು. ಹಸುವಿನ ಹಾಲಿನ ಪ್ರೋಟೀನಿನಲ್ಲಿ ಸುಮಾರು ಶೇ. 80ರಷ್ಟು ಕೇಸಿನ್, ಉಳಿದದ್ದು ವೇ, ಅಂದರೆ ಹಾಲು ಒಡೆದಾಗ ಬೇರೆಯಾಗುವ ತಿಳಿನೀರಿನಲ್ಲಿರುವ ಪ್ರೋಟೀನು. ಲ್ಯಾಕ್ಟೋಸ್ ಜೀರ್ಣವಾಗದವರಿಗೆ ಕೇಸಿನೇಟ್‌ನಿಂದ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ, ಏಕೆಂದರೆ ಅವರ ಸಮಸ್ಯೆ ಹಾಲಿನ ಸಕ್ಕರೆಯದು. ಅಲರ್ಜಿ ಇರುವ ಮಗುವಿನ ದೇಹ ಪ್ರತಿಭಟಿಸುವುದು ಮಾತ್ರ ಪ್ರೋಟೀನಿಗೇ. ಆದ್ದರಿಂದ ಹೆಸರನ್ನು ನಂಬದೆ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿರಿ: ಕೇಸಿನೇಟ್, ಮಿಲ್ಕ್ ಸಾಲಿಡ್ಸ್, ವೇ ಪೌಡರ್, ಬಟರ್ ಆಯಿಲ್, ಲ್ಯಾಕ್ಟೋಸ್ ಇವುಗಳಲ್ಲಿ ಯಾವುದೊಂದು ಕಂಡರೂ ಆ ಪೊಟ್ಟಣವನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐಯ 2020ರ ಲೇಬಲ್ ನಿಯಮಗಳ ಪ್ರಕಾರ ಅಲರ್ಜಿ ತರುವ ಪದಾರ್ಥಗಳಲ್ಲಿ ಹಾಲನ್ನೂ ಪ್ರತ್ಯೇಕವಾಗಿ ನಮೂದಿಸಬೇಕಾಗಿರುವುದರಿಂದ ‘ಕಂಟೇನ್ಸ್ ಮಿಲ್ಕ್’ ಎಂಬ ಸಾಲು ಪದಾರ್ಥಗಳ ಪಟ್ಟಿಯ ಹತ್ತಿರವೇ ಸಿಗುತ್ತದೆ. ಹಸಿರು ಚುಕ್ಕೆ ಇಲ್ಲಿ ಯಾವ ಸಹಾಯವನ್ನೂ ಮಾಡುವುದಿಲ್ಲ. ನಮ್ಮ ದೇಶದಲ್ಲಿ ಹಾಲು ಸಸ್ಯಾಹಾರವೇ. 2022ರ ವೀಗನ್ (ಹಾಲೂ ಸೇರಿ ಪ್ರಾಣಿಮೂಲದ ಯಾವುದೂ ಇಲ್ಲದ) ಆಹಾರದ ನಿಯಮಗಳಂತೆ ಬಂದ ಹಸಿರು ‘ವಿ’ ಗುರುತು ಅದಕ್ಕಿಂತ ಉಪಯುಕ್ತ, ಆದರೂ ಅದೇ ಕಾರ್ಖಾನೆಯಲ್ಲಿ ಹಾಲಿನ ಪದಾರ್ಥಗಳೂ ತಯಾರಾಗುತ್ತವೆಯೇ ಎಂಬುದನ್ನು ನೋಡಿಕೊಳ್ಳುವುದು ಒಳ್ಳೆಯದು.

ಹಿರಿಯರಿರುವ ಮನೆಗಳಲ್ಲಿ ಸಾಮಾನ್ಯವಾಗಿ ಬರುವ ಎರಡು ಸಲಹೆಗಳಿವೆ: ತುಪ್ಪ ಹಾಕಿದರೆ ಏನೂ ಆಗುವುದಿಲ್ಲ, ಆಡಿನ ಹಾಲಾದರೆ ಪರವಾಗಿಲ್ಲ. ತುಪ್ಪದಲ್ಲಿ ಹಾಲಿನ ಪ್ರೋಟೀನಿನ ಅಂಶ ಅಲ್ಪಸ್ವಲ್ಪ ಉಳಿದಿರುತ್ತದೆ, ಆಡಿನ ಮತ್ತು ಎಮ್ಮೆಯ ಹಾಲಿನ ಪ್ರೋಟೀನುಗಳು ಹಸುವಿನದ್ದನ್ನೇ ಬಹುವಾಗಿ ಹೋಲುತ್ತವೆ. ವೈದ್ಯರು ಸ್ಪಷ್ಟವಾಗಿ ಒಪ್ಪದೆ ಇವೆರಡನ್ನೂ ಕೇಕಿಗೆ ತರಬೇಡಿ.

ಇನ್ನು ಬೆಣ್ಣೆಯ ಜಾಗಕ್ಕೆ ಏನನ್ನು ತರಬೇಕು ಎಂಬುದು. ಬೆಣ್ಣೆಯಲ್ಲಿ ಸುಮಾರು ಶೇ. 80 ಜಿಡ್ಡು, ಶೇ. 16ರಷ್ಟು ನೀರು, ಅದು ಮೂವತ್ತು ಡಿಗ್ರಿಯ ಆಸುಪಾಸಿನವರೆಗೂ ಪೂರ್ತಿ ಕರಗದೆ, ಪೂರ್ತಿ ಗಟ್ಟಿಯೂ ಆಗದೆ, ಗಾಳಿಯನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುವಷ್ಟು ಮೆತ್ತಗೆ ಇರುತ್ತದೆ, ಮತ್ತು ಫ್ರಾಸ್ಟಿಂಗಿಗೆ ಬೇಕಾದ ಗುಣ ಇದೇ. ಬೆಣ್ಣೆಯ ಬದಲಿಗೆ ಕೊಬ್ಬರಿ ಎಣ್ಣೆ ಬಳಸಿರಿ ಎಂದು ಹೇಳುವ ಪಾಕವಿಧಾನಗಳು ಎಲ್ಲೆಡೆ ಸಿಗುತ್ತವೆ, ಆದರೆ ಅವುಗಳಲ್ಲಿ ಹೆಚ್ಚಿನವು ತಂಪು ದೇಶಗಳ ಅಡುಗೆಮನೆಗಳಿಂದ ಬಂದವು. ಕೊಬ್ಬರಿ ಎಣ್ಣೆ ಕರಗುವುದು ಸುಮಾರು 24 ಡಿಗ್ರಿಯಲ್ಲಿ, ಅದೂ ಬೆಣ್ಣೆಯಂತೆ ನಿಧಾನವಾಗಿ ಅಲ್ಲ, ಒಮ್ಮೆಲೇ. ಡಿಸೆಂಬರಿನ ಬೆಳಗ್ಗೆ ಮಡಿಕೇರಿಯಲ್ಲಿ ಬಾಟಲಿಯೊಳಗೇ ಹೆಪ್ಪುಗಟ್ಟಿ ಕೂರುವ ಆ ಎಣ್ಣೆ ನಿಮ್ಮ ಊರಿನ ಏಪ್ರಿಲ್‌ನಲ್ಲಿ ನೀರಾಗಿಯೇ ಇರುತ್ತದೆ, ಫ್ರಿಜ್‌ನಿಂದ ಹೊರಬಂದ ಕೇಕಿನ ಮೇಲೂ ಅರ್ಧ ಗಂಟೆಯೊಳಗೆ ಅದೇ ಸ್ಥಿತಿಗೆ ಬರುತ್ತದೆ. ಆದ್ದರಿಂದ ಕರಾವಳಿಯವರಿಗೆ ನಾನು ಅದನ್ನು ಹೇಳುವುದಿಲ್ಲ. ನಿಮಗೆ ಬೇಕಾದದ್ದು ಬೇಕರಿ ಸಾಮಗ್ರಿಯ ಅಂಗಡಿಯಲ್ಲಿ ಸಿಗುವ, ಹಾಲಿನ ಅಂಶವಿಲ್ಲದ ವೆಜಿಟಬಲ್ ಶಾರ್ಟನಿಂಗ್, ಅಂದರೆ ಸಸ್ಯದ ಎಣ್ಣೆಯಿಂದ ಮಾಡಿದ ಗಟ್ಟಿ ಜಿಡ್ಡು. ಮಾರ್ಗರೀನ್ ಕೂಡ ಆಗಬಹುದು, ಆದರೆ ಕೆಲವು ಮಾರ್ಗರೀನ್‌ಗಳಿಗೆ ರುಚಿಗಾಗಿ ಹಾಲಿನ ಪುಡಿ ಸೇರಿಸುತ್ತಾರೆ, ಹಾಗಾಗಿ ಅಲ್ಲಿಯೂ ಲೇಬಲ್ ಓದಬೇಕು. ಡಾಲ್ಡಾ ಕಾಲದ ಟ್ರಾನ್ಸ್ ಕೊಬ್ಬಿನ ಹೆದರಿಕೆ ಹಲವರಿಗೆ ಇನ್ನೂ ಇದೆ, ಅದು ಸಕಾರಣವಾದ ಹೆದರಿಕೆಯೇ ಆಗಿತ್ತು. 2022ರ ಜನವರಿಯಿಂದ ಇಂಥ ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬು ಶೇ. 2ಕ್ಕಿಂತ ಹೆಚ್ಚಿರಕೂಡದು ಎಂಬ ನಿಯಮ ಜಾರಿಯಲ್ಲಿದೆ. ವರ್ಷಕ್ಕೊಮ್ಮೆ ಬರುವ ಹುಟ್ಟುಹಬ್ಬದ ಕೇಕಿಗೆ ಇದನ್ನು ಬಳಸಲು ನನಗೆ ಹಿಂಜರಿಕೆಯಿಲ್ಲ.

ಶಾರ್ಟನಿಂಗಿಗೆ ಎರಡರಷ್ಟು ಐಸಿಂಗ್ ಸಕ್ಕರೆ ಸುರಿದು ಬೀಟ್ ಮಾಡುವುದು ಎಲ್ಲಕ್ಕಿಂತ ಸುಲಭದ ದಾರಿ. ನಾನು ಅದನ್ನು ಮಾಡುವುದಿಲ್ಲ. ಬೆಣ್ಣೆಯ ರುಚಿ ಇಲ್ಲದಿರುವಾಗ ಅಷ್ಟು ಸಕ್ಕರೆ ಬರೀ ಸಿಹಿಯಾಗಿ ನಾಲಿಗೆಗೆ ಹತ್ತುತ್ತದೆ, ಮನೆಯ ಮಿಕ್ಸಿಯಲ್ಲಿ ಪುಡಿ ಮಾಡಿದ ಸಕ್ಕರೆಯಾದರೆ ಜಿಡ್ಡಿನಲ್ಲಿ ಕರಗದೆ ಮರಳು ಮರಳಾಗಿಯೂ ಉಳಿಯುತ್ತದೆ. ಹಿಟ್ಟನ್ನು ಬೇಯಿಸಿ ಮಾಡುವ ಹಳೆಯ ವಿಧಾನವೊಂದಿದೆ, ಇಂಗ್ಲಿಷಿನಲ್ಲಿ ಎರ್ಮಿನ್ ಫ್ರಾಸ್ಟಿಂಗ್ ಎನ್ನುತ್ತಾರೆ. ಹಾಲಿನ ಬದಲು ಕಾಯಿಹಾಲನ್ನು ಹಾಕಿದರೆ ಅದು ನಮ್ಮ ಕೈಗೆ ಚೆನ್ನಾಗಿ ಒಗ್ಗುತ್ತದೆ. ಇದರಲ್ಲಿ ಸಕ್ಕರೆ ಮೊದಲೇ ಕಾಯಿಹಾಲಿನಲ್ಲಿ ಕರಗಿರುವುದರಿಂದ ಮರಳು ಸಿಗುವುದಿಲ್ಲ, ಬೆಂದ ಹಿಟ್ಟು ನೀರನ್ನು ಹಿಡಿದುಕೊಂಡಿರುವುದರಿಂದ ಸೆಕೆಯಲ್ಲಿ ಬೇಗನೆ ಒಡೆಯುವುದಿಲ್ಲ, ಸಿಹಿಯೂ ಹಿತವಾಗಿರುತ್ತದೆ.

ಏಳೆಂಟು ಇಂಚಿನ, ಎರಡು ಪದರದ ಕೇಕಿಗೆ ಸಾಕಾಗುವ ಅಳತೆ ಹೀಗಿದೆ. ಎರಡನೇ ಸಲ ಹಿಂಡಿದ ತೆಳು ಕಾಯಿಹಾಲು 250 ಮಿ.ಲೀ., ಮೈದಾ 40 ಗ್ರಾಂ, ಸಕ್ಕರೆ 180 ಗ್ರಾಂ, ಶಾರ್ಟನಿಂಗ್ 180 ಗ್ರಾಂ, ಎರಡು ಚಿಟಿಕೆ ಉಪ್ಪು, ಅರ್ಧ ಚಮಚ ನಿಂಬೆರಸ, ಒಂದು ಚಮಚ ವೆನಿಲಾ. ಮೂಲ ವಿಧಾನದಲ್ಲಿ 225 ಗ್ರಾಂ ಬೆಣ್ಣೆ ಹಾಕುತ್ತಾರೆ, ಆದರೆ ಶಾರ್ಟನಿಂಗ್ ಪೂರ್ತಿ ಜಿಡ್ಡೇ ಆಗಿರುವುದರಿಂದ ಬೆಣ್ಣೆಯಲ್ಲಿನ ನೀರಿನ ಪಾಲನ್ನು ಕಳೆದು ಈ ಲೆಕ್ಕ ಹಿಡಿದಿದ್ದೇನೆ. ಅಷ್ಟಕ್ಕಷ್ಟೇ ಹಾಕಿದರೆ ಅಂಗುಳಿಗೆ ಜಿಡ್ಡು ಮೆತ್ತುತ್ತದೆ. ಉಪ್ಪನ್ನೂ ನಿಂಬೆರಸವನ್ನೂ ಬಿಡಬೇಡಿ, ಬೆಣ್ಣೆ ಕೊಡುತ್ತಿದ್ದ ಸಣ್ಣ ಹುಳಿಯುಪ್ಪಿನ ರುಚಿಯನ್ನು ಇಲ್ಲಿ ಕೊಡುವುದು ಅವೆರಡೇ.

ದಪ್ಪ ತಳದ ಪಾತ್ರೆಯಲ್ಲಿ ಮೈದಾ ಮತ್ತು ಸಕ್ಕರೆಯನ್ನು ಒಣಗಿದ್ದಾಗಲೇ ಬೆರೆಸಿ, ತಣ್ಣಗಿನ ಕಾಯಿಹಾಲನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತಾ ಗಂಟಿಲ್ಲದಂತೆ ಕಲಸಿಕೊಂಡು, ನಂತರ ಸಣ್ಣ ಉರಿಯಲ್ಲಿಟ್ಟು ಕೈಬಿಡದೆ ತಿರುವುತ್ತಾ ಇರಬೇಕು. ಕೆಲವು ನಿಮಿಷ ಏನೂ ಆಗದಂತೆ ಕಾಣುತ್ತದೆ, ಆಮೇಲೆ ತಳದಿಂದ ಒಮ್ಮೆಲೇ ದಪ್ಪವಾಗತೊಡಗುತ್ತದೆ. ಅಲ್ಲಿಗೆ ಇಳಿಸಬೇಡಿ, ಹಸಿ ಹಿಟ್ಟಿನ ವಾಸನೆ ಉಳಿಯುತ್ತದೆ. ಒಂದೆರಡು ಗುಳ್ಳೆಗಳು ದಪ್ಪಗೆ ಎದ್ದು ಪಟಪಟ ಒಡೆಯಬೇಕು, ಮರದ ಸಟ್ಟುಗದಿಂದ ನಡುವೆ ಗೆರೆ ಎಳೆದರೆ ಪಾತ್ರೆಯ ತಳ ಕಾಣಿಸಿ ಆ ಗೆರೆ ಕ್ಷಣಹೊತ್ತು ಹಾಗೆಯೇ ನಿಲ್ಲಬೇಕು. ಹಾಲುಬಾಯಿ ಮಗುಚಿ ಅಭ್ಯಾಸವಿರುವವರಿಗೆ ಹದ ತಾನಾಗಿಯೇ ಗೊತ್ತಾಗುತ್ತದೆ. ಅದು ತಟ್ಟೆಗೆ ಸುರಿಯುವ ಹಂತಕ್ಕಿಂತ ಸ್ವಲ್ಪ ಮೊದಲಿನ ಸ್ಥಿತಿಯೇ ಇದು. ಇಳಿಸಿದ ಕೂಡಲೇ ಅಗಲ ಬಟ್ಟಲಿಗೆ ಹಾಕಿ, ಮೇಲೆ ಕೆನೆಗಟ್ಟದಂತೆ ಪ್ಲಾಸ್ಟಿಕ್ ಹಾಳೆಯನ್ನು ಮಿಶ್ರಣಕ್ಕೆ ತಾಗುವಂತೆಯೇ ಮುಚ್ಚಿ, ಪೂರ್ತಿ ಆರಲು ಬಿಡಿ. ಈ ಆರಿಸುವ ಹಂತದಲ್ಲಿ ಅವಸರ ಮಾಡಿದರೆ ಉಳಿದ ಶ್ರಮವೆಲ್ಲ ವ್ಯರ್ಥ, ಏಕೆಂದರೆ ಬೆಚ್ಚಗಿನ ಹಿಟ್ಟು ಜಿಡ್ಡನ್ನು ಕರಗಿಸಿಬಿಡುತ್ತದೆ.

ಆರಿದ ಮೇಲೆ ಶಾರ್ಟನಿಂಗನ್ನು ಬೇರೆ ಪಾತ್ರೆಯಲ್ಲಿ ಬಿಳಿಯಾಗಿ ಉಬ್ಬುವವರೆಗೆ ನಾಲ್ಕೈದು ನಿಮಿಷ ಬೀಟ್ ಮಾಡಿ, ಹಿಟ್ಟಿನ ಮಿಶ್ರಣವನ್ನು ಒಂದೊಂದೇ ಚಮಚ ಹಾಕುತ್ತಾ, ಪ್ರತಿ ಸಲ ಪೂರ್ತಿ ಬೆರೆತ ಮೇಲೆಯೇ ಮುಂದಿನದನ್ನು ಹಾಕಿರಿ. ಉಪ್ಪು, ನಿಂಬೆರಸ, ವೆನಿಲಾ ಕೊನೆಗೆ. ನಡುವೆ ಒಡೆದ ಹಾಲಿನಂತೆ ಚೂರುಚೂರಾಗಿ ಕಂಡರೆ ಎರಡರಲ್ಲಿ ಒಂದು ಹೆಚ್ಚು ತಣ್ಣಗಿದೆ ಎಂದರ್ಥ. ಪಾತ್ರೆಯ ಹೊರಮೈಗೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಸುತ್ತಿ ಮತ್ತೆ ಬೀಟ್ ಮಾಡಿದರೆ ಕೂಡಿಕೊಳ್ಳುತ್ತದೆ. ನೀರಾಗಿ ಹರಿದರೆ ಬಿಸಿ ಹೆಚ್ಚಾಗಿದೆ, ಪಾತ್ರೆ ಸಮೇತ ಹದಿನೈದು ನಿಮಿಷ ಫ್ರಿಜ್‌ನಲ್ಲಿಟ್ಟು ಮುಂದುವರಿಸಿ. ಸಕ್ಕರೆಯ ಬದಲು ಕರಗಿಸಿ ಸೋಸಿದ ಬೆಲ್ಲ ಹಾಕಿದರೆ ಬಣ್ಣ ಕಂದಾಗುತ್ತದೆ, ಆದರೆ ರುಚಿ ಬಾಳೆಹಣ್ಣಿನ ರಸಾಯನ ತಿಂದು ಬೆಳೆದ ನಿಮ್ಮ ಕಡೆಯ ಮಕ್ಕಳಿಗೆ ಬಹಳ ಹಿಡಿಸುತ್ತದೆ. ಆಗ ವೆನಿಲಾ ಬಿಟ್ಟು ಏಲಕ್ಕಿ ಹಾಕಿರಿ. ಬೆಲ್ಲದ ಪಾಕದಲ್ಲಿ ನೀರಿರುವುದರಿಂದ ಕಾಯಿಹಾಲನ್ನು ಅಷ್ಟೇ ಕಡಿಮೆ ಮಾಡಬೇಕು.

ಮಗಳು ಚಾಕೊಲೇಟ್ ಕೇಕನ್ನೇ ಕೇಳಿದರೆ ಡಾರ್ಕ್ ಚಾಕೊಲೇಟ್ ಮತ್ತು ಕಾಯಿಹಾಲು ಬೆರೆಸಿದ, ಗನಾಶ್ ಎಂಬ ದಪ್ಪ ಲೇಪ ಮಾಡಬಹುದು. ಡಾರ್ಕ್ ಎಂದು ಬರೆದಿರುವ ಎಷ್ಟೋ ಚಾಕೊಲೇಟುಗಳಲ್ಲಿಯೂ ಹಾಲಿನ ಕೊಬ್ಬು ಇರುತ್ತದೆ, ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯದ ಜಿಡ್ಡು ಹಾಕಿದ ಕಾಂಪೌಂಡ್ ಚಾಕೊಲೇಟಿನಲ್ಲಿ ಹಾಲಿನ ಪುಡಿ ಇರಬಹುದು, ಆದ್ದರಿಂದ ಲೇಬಲ್ ಓದುವ ಕೆಲಸ ಇಲ್ಲಿಯೂ ತಪ್ಪುವುದಿಲ್ಲ. ಬೆಂಗಳೂರಿನಲ್ಲಿ ಒಂದು ಪಾಲು ಕಾಯಿಹಾಲಿಗೆ ತೂಕದಲ್ಲಿ ಎರಡು ಪಾಲು ಚಾಕೊಲೇಟ್ ಸಾಕು, ನಿಮ್ಮಲ್ಲಿ ಎರಡೂವರೆ ಪಾಲು ಬೇಕಾಗುತ್ತದೆ. ಹೊಳಪು ಬರಲೆಂದು ಕೊಬ್ಬರಿ ಎಣ್ಣೆ ಸೇರಿಸುವ ರೂಢಿ ಇದೆ. ಕೊಬ್ಬರಿ ಎಣ್ಣೆಯೂ ಕೋಕೋ ಬೆಣ್ಣೆಯೂ ಬೆರೆತಾಗ ಚಾಕೊಲೇಟ್ ಮೊದಲಿಗಿಂತ ಕಡಿಮೆ ಬಿಸಿಗೇ ಮೆತ್ತಗಾಗುವುದರಿಂದ ಸೆಕೆಯ ಊರಿನಲ್ಲಿ ಅದು ಬೇಡ. ಕಾಯಿಹಾಲನ್ನು ಅಂಚಿನಲ್ಲಿ ಗುಳ್ಳೆ ಏಳುವಷ್ಟು ಬಿಸಿ ಮಾಡಿ, ಸಣ್ಣಗೆ ಹೆಚ್ಚಿದ ಚಾಕೊಲೇಟಿನ ಮೇಲೆ ಸುರಿದು, ಎರಡು ನಿಮಿಷ ಮುಟ್ಟದೆ ಬಿಟ್ಟು, ನಂತರ ನಡುವಿನಿಂದ ಹೊರಕ್ಕೆ ನಿಧಾನವಾಗಿ ಕಲಸಿರಿ.

ಮೊಟ್ಟೆ ಆಗುತ್ತದೆ ಎಂದಿರುವುದರಿಂದ ಇನ್ನೊಂದು ದಾರಿಯೂ ನಿಮಗೆ ತೆರೆದಿದೆ. ಎರಡು ಮೊಟ್ಟೆಯ ಬಿಳಿ, 250 ಗ್ರಾಂ ಸಕ್ಕರೆ, 60 ಮಿ.ಲೀ. ನೀರು, ಅರ್ಧ ಚಮಚ ನಿಂಬೆರಸವನ್ನು ಕುದಿಯುವ ನೀರಿನ ಹಬೆಯ ಮೇಲಿಟ್ಟು ಏಳೆಂಟು ನಿಮಿಷ ಬಿಡದೆ ಬೀಟ್ ಮಾಡಿದರೆ ಹೊಳೆಯುವ ಬಿಳಿ ಫ್ರಾಸ್ಟಿಂಗ್ ಬರುತ್ತದೆ. ಥರ್ಮಾಮೀಟರ್ ಇದ್ದರೆ 71 ಡಿಗ್ರಿ ದಾಟಿರುವುದನ್ನು ನೋಡಿಕೊಳ್ಳಿ. ಇದರಲ್ಲಿ ಜಿಡ್ಡೇ ಇಲ್ಲದ್ದರಿಂದ ಸೆಕೆಗೆ ಕರಗುವ ಮಾತೇ ಇಲ್ಲ. ಅದರ ಶತ್ರು ನಿಮ್ಮ ಕಡಲತೀರದ ತೇವದ ಗಾಳಿ, ಹಾಗಾಗಿ ಕೇಕ್ ಕತ್ತರಿಸುವ ದಿನವೇ ಮಾಡಬೇಕು. ಮೊಟ್ಟೆ ತಿನ್ನದ ಅತಿಥಿಗಳು ಹೆಚ್ಚಿದ್ದರೆ ಕಾಬೂಲಿ ಕಡಲೆ ಬೇಯಿಸಿದ ನೀರಿನಿಂದಲೂ ಇಂಥದೇ ನೊರೆ ಬರುತ್ತದೆ. 2014ರಲ್ಲಿ ಫ್ರಾನ್ಸಿನ ಜೋಯೆಲ್ ರೋಸೆಲ್ ಎಂಬವರು ಇದನ್ನು ಕಂಡುಕೊಂಡ ಮೇಲೆ ಜಗತ್ತಿನ ವೀಗನ್ ಅಡುಗೆಯವರೆಲ್ಲ ಬಳಸತೊಡಗಿದರು. ಆದರೆ ಕೇಕಿನ ಮೇಲೆ ಗಂಟೆಗಟ್ಟಲೆ ನಿಲ್ಲುವಂಥದ್ದಲ್ಲ, ಹುಟ್ಟುಹಬ್ಬದ ದಿನ ಅದನ್ನು ನೆಚ್ಚಬೇಡಿ.

ಫ್ರಾಸ್ಟಿಂಗ್ ಎಷ್ಟೇ ಶುದ್ಧವಾಗಿದ್ದರೂ ಕೆಳಗಿನ ಕೇಕಿನಲ್ಲಿ ಹಾಲಿದ್ದರೆ ಪ್ರಯೋಜನವಿಲ್ಲ. ಮೊಟ್ಟೆಯಿಲ್ಲದ ಕೇಕಿನ ಪಾಕವಿಧಾನಗಳಲ್ಲಿ ಹೆಚ್ಚಿನವು ಕಂಡೆನ್ಸ್ಡ್ ಮಿಲ್ಕ್ ಅಥವಾ ಮೊಸರನ್ನೇ ಆಧರಿಸಿರುತ್ತವೆ, ನಿಮಗೆ ಎಣ್ಣೆ ಮತ್ತು ಮೊಟ್ಟೆಯ ಕೇಕೇ ಸೂಕ್ತ. ಬೀಟರಿನ ಕಡ್ಡಿಗಳು ಸೇರುವ ಸಂದಿಯಲ್ಲಿ, ಹಳೆಯ ಮರದ ಸಟ್ಟುಗದ ಬಿರುಕುಗಳಲ್ಲಿ, ಬಟ್ಟೆಯ ಪೈಪಿಂಗ್ ಚೀಲದ ಹೊಲಿಗೆಯಲ್ಲಿ ಹಿಂದಿನ ಬೆಣ್ಣೆ ಉಳಿದಿರುತ್ತದೆ. ಲೋಹದ ಪಾತ್ರೆಗಳನ್ನು ಸೋಪಿನ ಬಿಸಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಸಟ್ಟುಗವನ್ನೂ ಚೀಲವನ್ನೂ ಮಗಳ ಕೇಕಿಗೆಂದೇ ಹೊಸದಾಗಿ ತಂದಿಡಿ. ಮೇಲೆ ಉದುರಿಸುವ ಬಣ್ಣದ ಅಲಂಕಾರಗಳ ಲೇಬಲ್ಲನ್ನೂ ಓದಿರಿ, ಬಿಳಿ ಚಾಕೊಲೇಟಿನ ಚೂರುಗಳಲ್ಲಿ ಹಾಲು ಸಾಮಾನ್ಯ.

ಕಾರ್ಯಕ್ರಮ ಸಂಜೆಯಾದರೆ ಬೆಳಗ್ಗೆ ಫ್ರಾಸ್ಟಿಂಗ್ ಹಚ್ಚಿ ಫ್ರಿಜ್‌ನಲ್ಲಿಟ್ಟು, ಕತ್ತರಿಸುವ ಇಪ್ಪತ್ತು ನಿಮಿಷ ಮೊದಲು ಹೊರಗೆ ತೆಗೆದರೆ ಸಾಕು. ತಾಜಾ ಕಾಯಿಹಾಲು ಬೇಗ ಹಳಸುವುದರಿಂದ ಉಳಿದದ್ದನ್ನು ಮುಚ್ಚಿ ಫ್ರಿಜ್‌ನಲ್ಲೇ ಇಟ್ಟು ಮರುದಿನದೊಳಗೆ ಮುಗಿಸಿ. ಊರಿಗೆ ಸಾಗಿಸಬೇಕಾದ ಕೇಕಾದರೆ ಪೊಟ್ಟಣದ ತೆಂಗಿನ ಹಾಲು ಬಳಸುವುದು ಹೆಚ್ಚು ಸುರಕ್ಷಿತ, ಅದರ ಪದಾರ್ಥಗಳ ಸಾಲಿನಲ್ಲಿಯೂ ಕೇಸಿನೇಟ್ ಇಲ್ಲವೆಂದು ನೋಡಿಕೊಂಡು ಕೊಳ್ಳಿರಿ.